ಗೆರೆಯಾಚೆಯ ರೆಫರಿ

ಗಡಿಯಾರ ರಿಪೇರಿ ಮಾಡುವ ವಾಚಣ್ಣನಷ್ಟು ಸೌಮ್ಯ ಮನುಷ್ಯ ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ, ಸೋಮವಾರದಿಂದ ಶನಿವಾರದವರೆಗೆ. ಇಬ್ಬರು ನಿಂತರೆ ಮೂರನೆಯವನಿಗೆ ಜಾಗವಿಲ್ಲದ ಅಂಗಡಿ. ಅಲ್ಲಿ ಅವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಚಿಮಟದಲ್ಲಿ ಎತ್ತುತ್ತ ಕೂತಿರುತ್ತಿದ್ದ. ಗಿರಾಕಿಗಳು ಗದರಿದರೆ, "ಇರಲಿ ಬಿಡಿ ಸಾರ್, ಇನ್ನೊಂದ್ಸಲ ನೋಡ್ತೀನಿ" ಎಂದು ತಲೆ ತಗ್ಗಿಸುತ್ತಿದ್ದ. ವಾಚನ್ನು ಬಟ್ಟೆಯೊಂದಿಗೆ ಬಕೆಟ್ಟಿನಲ್ಲಿ ನೆನೆಹಾಕಿ, ಆಮೇಲೆ ಅವನ ಮೇಲೆಯೇ ರೇಗುವವರಿಗೂ ಅದೇ ಉತ್ತರ.

ಆರು ದಿನ ನುಂಗಿದ್ದನ್ನೆಲ್ಲ ಅವನು ಭಾನುವಾರ ಬೆಳಿಗ್ಗೆ ಮಕ್ಕಳ ಫುಟ್‌ಬಾಲ್ ಮೈದಾನದಲ್ಲಿ ಕಕ್ಕುತ್ತಿದ್ದ. ಸುಣ್ಣದ ಗೆರೆಯ ಪಕ್ಕದಲ್ಲಿ, ಎರಡು ಕೈಯಲ್ಲಿ ಎರಡು ಸ್ಟಾಪ್‌ವಾಚು ಹಿಡಿದು ನಿಲ್ಲುತ್ತಿದ್ದ. ಮಗಳ ತಂಡ ಗೆದ್ದರೆ ಸಂತೋಷವೇ. ಆದರೆ ರೆಫರಿ ಸೋತರೆ ಅದಕ್ಕಿಂತ ಹೆಚ್ಚು ಸಂತೋಷ. ಮೈದಾನದವರು ಅವನಿಗೆ 'ಗೆರೆಯಾಚೆಯ ರೆಫರಿ' ಎಂದು ಹೆಸರಿಟ್ಟಿದ್ದರು. ಅದನ್ನು ಅವನು ಬಿರುದೆಂದೇ ತಿಳಿದಿದ್ದ.

ಗೆರೆಯೊಳಗಿನ ರೆಫರಿ ಒಬ್ಬ ನರ್ಸಮ್ಮ. ರಾತ್ರಿ ಪಾಳಿ ಮುಗಿಸಿ, ಆಸ್ಪತ್ರೆಯಿಂದ ನೇರವಾಗಿ ಬಂದು, ಮಕ್ಕಳ ಮೇಲಿನ ಅಕ್ಕರೆಗೆ ಸೀಟಿ ಊದುತ್ತಿದ್ದರು.

"ನರ್ಸಮ್ಮಾ, ನಿದ್ದೆ ಬಂದಿದ್ರೆ ಮನೆಗೆ ಹೋಗಿ ಮಲಗಿ. ಇಲ್ಯಾಕೆ ಓಡಾಡ್ಕೊಂಡು ಮಲಗ್ತೀರಿ?" ಎಂದು ವಾಚಣ್ಣ ಕೂಗಿದರೆ ಗೆರೆಯುದ್ದಕ್ಕೂ ನಗು. ನಗದಿದ್ದವಳು ಒಬ್ಬಳೇ, ಏಳನೇ ನಂಬರಿನ ಅಂಗಿ ತೊಟ್ಟ ಅವನ ಮಗಳು.

ಹನ್ನೊಂದು ವರ್ಷದ ಆ ಹುಡುಗಿ ವರ್ಷವಿಡೀ ಹಿತ್ತಿಲ ಗೋಡೆಗೆ ಚೆಂಡು ಒದ್ದು ಗಾರೆ ಉದುರಿಸಿದ್ದಳು. ಮುಂದಿನ ಪೆನಾಲ್ಟಿ ನಿನ್ನದೇ ಎಂದು ಕೋಚ್ ಮಾತು ಕೊಟ್ಟಿದ್ದರು. ಅವಳು ಅಪ್ಪನಿಂದಲೂ ಒಂದು ಮಾತು ತೆಗೆದುಕೊಂಡಿದ್ದಳು.

"ಅಪ್ಪಾ, ನಾನು ಪೆನಾಲ್ಟಿ ಹೊಡೆಯೋ ದಿನ ನೀನು ಸುಮ್ನೆ ನಿಂತು ನೋಡ್ಬೇಕು. ಅಷ್ಟೇ."

"ಆಯ್ತು ಕಣಮ್ಮ, ತುಟಿ ಬಿಚ್ಚಲ್ಲ."

ಆ ಭಾನುವಾರ ಮೊದಲರ್ಧ ಮುಗಿದಾಗ ಎರಡೂ ತಂಡದವರದು ಒಂದೊಂದು ಗೋಲು. ಬಿಡುವಿನಲ್ಲಿ ಮಕ್ಕಳು ನೀರು ಕುಡಿದರು. ವಾಚಣ್ಣನಿಗೆ ಅದಕ್ಕೂ ಪುರುಸೊತ್ತಿಲ್ಲ. ಮೊದಲರ್ಧದಲ್ಲಿ ನಲವತ್ತು ಸೆಕೆಂಡು ಕಡಿಮೆ ಆಡಿಸಿದ್ದಾರೆಂದು, ಮೈದಾನಕ್ಕೆ ಬೆನ್ನು ಹಾಕಿ, ಸಂಘದ ಕಾರ್ಯದರ್ಶಿಗೆ ಎರಡೂ ಸ್ಟಾಪ್‌ವಾಚು ತೋರಿಸುತ್ತಿದ್ದ. ತಿರುಗಿ ನೋಡುವಷ್ಟರಲ್ಲಿ ಆಟ ಶುರುವಾಗಿತ್ತು. ಬಂದು ಹಳೆಯ ಜಾಗದಲ್ಲೇ, ಎಡಗಡೆಯ ಗೋಲಿನ ಪಕ್ಕ ನಿಂತ. ಬಿಡುವಿನ ನಂತರ ತಂಡಗಳು ದಿಕ್ಕು ಬದಲಿಸುತ್ತವೆ, ಈಗ ಅದು ಎದುರಾಳಿಗಳ ಗೋಲು ಎಂಬುದು ಸ್ಟಾಪ್‌ವಾಚಿನಲ್ಲೇ ಮುಳುಗಿದ್ದ ಅವನ ತಲೆಗೆ ಹೊಳೆಯಲೇ ಇಲ್ಲ.

ಕೊನೆಯ ಐದು ನಿಮಿಷ. ವಾಚಣ್ಣ ಮುಳ್ಳು ನೋಡುತ್ತಿದ್ದಾಗ ಸೀಟಿ ಕೇಳಿಸಿತು. ತಲೆಯೆತ್ತಿದರೆ ಎಡಗಡೆಯ ಗೋಲಿನ ಮುಂದೆ ಯಾವಳೋ ಹುಡುಗಿ ಬೋರಲು ಬಿದ್ದಿದ್ದಾಳೆ, ಯಾರೋ ಅವಳು ಕಾಣದಂತೆ ಅಡ್ಡ ಬಗ್ಗಿ ಕಾಲು ನೀವುತ್ತಿದ್ದಾರೆ, ನರ್ಸಮ್ಮನ ಕೈ ಪೆನಾಲ್ಟಿ ಚುಕ್ಕೆಯತ್ತ ಚಾಚಿದೆ. ನಮ್ಮ ಗೋಲಿಗೇ ಪೆನಾಲ್ಟಿ! ವಾಚಣ್ಣ ಗೆರೆ ದಾಟಿ ನುಗ್ಗಿದ.

"ಇದ್ಯಾವ ಸೀಮೆ ಪೆನಾಲ್ಟಿ? ಅವಳನ್ನ ಯಾರೂ ಮುಟ್ಟೇ ಇಲ್ಲ. ನಾನು ಕಣ್ಣಾರೆ ನೋಡಿದ್ದೀನಿ. ನಾಟಕ ಮಾಡ್ತಿದ್ದಾಳೆ. ಎಂಥ ಅಪ್ಪನಿಗೆ ಹುಟ್ಟಿದಳೋ, ಬೀಳೋದನ್ನೂ ಹೇಳಿಕೊಟ್ಟು ಕಳಿಸಿದ್ದಾನೆ."

ಬಗ್ಗಿದ್ದ ಕೋಚ್ ಪಕ್ಕಕ್ಕೆ ಸರಿದರು. ಬಿದ್ದವಳು ಮಣ್ಣು ಕೊಡವಿಕೊಂಡು ಎದ್ದಳು. ಬೆನ್ನ ಮೇಲೆ ಏಳನೇ ನಂಬರು.

ವಾಚಣ್ಣ ಬಾಯಿ ಮುಚ್ಚಿದ, ಮತ್ತೆ ತೆರೆದ. "ಹಾಗಾದ್ರೆ ಸರಿ. ಪೆನಾಲ್ಟಿನೇ. ನ್ಯಾಯವಾಗಿದೆ."

ಅಷ್ಟರಲ್ಲಿ ಎದುರು ತಂಡದ ಹೆತ್ತವರಿಗೆ ಹಬ್ಬ. ಅವರ ಮುಂದಾಳು ಒಬ್ಬ ಬಸ್ ಕಂಡಕ್ಟರ್. "ಹೆತ್ತಪ್ಪನೇ ಸಾಕ್ಷಿ ಹೇಳಿದ್ಮೇಲೆ ಇನ್ನೇನು ಬೇಕು? ಕಣ್ಣಾರೆ ನೋಡಿದ್ದಾರಂತೆ" ಎಂದು ಅವನು ಇಡೀ ಬಸ್ಸಿಗೆ ಕೇಳುವಂತೆ ಸಾರಿದ.

ನರ್ಸಮ್ಮ ದನಿ ಏರಿಸಲಿಲ್ಲ. "ಪೆನಾಲ್ಟಿ ಪೆನಾಲ್ಟಿನೇ. ಆದ್ರೆ ಗೆರೆ ದಾಟಿದ ಹೆತ್ತವರು ಗೇಟಿನಾಚೆ ಹೋಗೋವರೆಗೂ ಆಟ ಶುರುವಾಗೋ ಹಾಗಿಲ್ಲ. ನಿಯಮ ನಿಮಗೂ ಗೊತ್ತು."

"ಇದೊಂದು ಹೊಡೆತ ನೋಡ್ಕೊಂಡು ಹೋಗ್ತೀನಿ ನರ್ಸಮ್ಮ. ನನ್ನ ಮಗಳ ಮೊದಲನೇದು."

"ಅಪ್ಪಾ, ಹೋಗು" ಎಂದಳು ಮಗಳು. ಚೆಂಡನ್ನು ಚುಕ್ಕೆಯ ಮೇಲಿಡುತ್ತಿದ್ದವಳು ತಲೆ ಎತ್ತಲಿಲ್ಲ.

ಹೋದ. ಮೈದಾನದ ಸುತ್ತ ಎರಡಾಳೆತ್ತರದ ಗೋಡೆ. ಗೇಟಿಗೆ ತಗಡು ಹೊಡೆದಿದ್ದರು. ತಗಡಿಗೆ ಕಿವಿಯಿಟ್ಟು ನಿಂತ. ಸೀಟಿ ಕೇಳಿಸಿತು. ಧಡ್ ಎಂಬ ಸದ್ದು, ಆಮೇಲೆ ದೊಡ್ಡ ಗದ್ದಲ. ಕುಣಿಯುವವರದೋ ಬೈಯುವವರದೋ ತಿಳಿಯಲಿಲ್ಲ. ಎರಡೂ ಸ್ಟಾಪ್‌ವಾಚು ಟಿಕ್ ಟಿಕ್ ಎನ್ನುತ್ತಿದ್ದವು. ಹೇಳಬೇಕಾದದ್ದನ್ನು ಮಾತ್ರ ಎರಡೂ ಹೇಳಲಿಲ್ಲ.

ಆಟ ಮುಗಿದ ಸೀಟಿಯಾಗಿ ಗೇಟು ತೆರೆದಾಗ ಒಳಗೆ ಓಡಿದ. ನರ್ಸಮ್ಮನ ಸುತ್ತ ಎದುರು ತಂಡದ ಹೆತ್ತವರು ಮುತ್ತಿಕೊಂಡಿದ್ದರು. ಚೆಂಡು ಮೇಲಿನ ಅಡ್ಡಕಂಬಕ್ಕೆ ಬಡಿದು, ಕೆಳಗೆ ಬಿದ್ದು, ಹೊರಕ್ಕೆ ಪುಟಿದಿತ್ತಂತೆ. ಗೋಲಿನ ಗೆರೆಯೊಳಗೇ ಬಿದ್ದಿದೆ, ಗೋಲು ಎಂದಿದ್ದರು ನರ್ಸಮ್ಮ.

"ನಿದ್ದೆ ಬಂದಿದ್ರೆ ಮನೇಲಿ ಮಲಗ್ಬೇಕು" ಎಂದು ಒಬ್ಬಾಕೆ ಕೂಗುತ್ತಿದ್ದಳು. ಪರಿಚಿತವಾದ ಮಾತೇ. ಆದರೆ ಪರರ ಬಾಯಲ್ಲಿ ಅದು ವಾಚಣ್ಣನಿಗೆ ಅಷ್ಟೇನೂ ನಗೆಯ ಮಾತಾಗಿ ಕೇಳಿಸಲಿಲ್ಲ.

ಕಂಡಕ್ಟರ್ ಇವನನ್ನು ಕಂಡ. "ಬನ್ನಿ ಬನ್ನಿ, ಎಲ್ಲಾನೂ ಕಣ್ಣಾರೆ ನೋಡೋರು. ನೀವೇ ಹೇಳಿ, ಚೆಂಡು ಒಳಗೆ ಬಿತ್ತಾ?"

'ಬಿತ್ತು, ಒಂದು ಮೊಳ ಒಳಗೇ ಬಿತ್ತು' ಎಂಬ ಮಾತು ವಾಚಣ್ಣನ ನಾಲಿಗೆಯ ತುದಿಗೆ ಬಂದಿತ್ತು. ಇಂಥ ಮಾತು ಅವನಲ್ಲಿ ಎಂದೂ ತಡವಾದದ್ದಿಲ್ಲ. ಆದರೆ ಮಗಳು ಶೂ ಬಿಚ್ಚುವುದನ್ನು ನಿಲ್ಲಿಸಿ ಅವನ ಬಾಯನ್ನೇ ನೋಡುತ್ತಿದ್ದಳು.

"ನಾನು ನೋಡ್ಲಿಲ್ಲ" ಎಂದ. "ನರ್ಸಮ್ಮ ನೋಡಿದ್ದಾರೆ. ಅವರು ಹೇಳಿದ್ದೇ ಸರಿ" ಎಂದು ಸೇರಿಸಿದ.

ಇಷ್ಟು ಹೇಳುವುದಕ್ಕೆ ಒಂದು ಹಲ್ಲು ಕೀಳಿಸಿಕೊಂಡಷ್ಟು ಕಷ್ಟವಾಯಿತು. ನರ್ಸಮ್ಮ ಒಂದು ಕ್ಷಣ ಅವನನ್ನು ನೋಡಿ, ಜ್ವರ ಇಳಿದ ರೋಗಿಯ ಪಟ್ಟಿಯಲ್ಲಿ ಬರೆಯುವಂತೆ, ತಮ್ಮ ಪುಸ್ತಕದಲ್ಲಿ ಗೋಲು ಬರೆದುಕೊಂಡರು.

ಮನೆಯ ದಾರಿಯಲ್ಲಿ ಮಗಳು ಶೂ ಚೀಲವನ್ನು ಅಪ್ಪನ ಕೈಗೆ ಕೊಟ್ಟಳು. ಎರಡು ಬೀದಿ ದಾಟುವವರೆಗೆ ಅವನು ತಡೆದುಕೊಂಡ. ಮೂರನೆಯದರ ತಿರುವಿನಲ್ಲಿ ಆಗಲಿಲ್ಲ.

"ನಮ್ಮನಮ್ಮಲ್ಲೇ ಇರಲಿ, ನಿಜವಾಗ್ಲೂ ಒಳಗೆ ಬಿತ್ತಾ?"

"ಅಪ್ಪಾ."

"ಇಲ್ಲ, ಸುಮ್ನೆ ಕೇಳಿದೆ" ಎಂದ ವಾಚಣ್ಣ.