ಹಾವಿನ ಚೀಲ ಹೊಲಿದ ಟೈಲರಕ್ಕ

ಟೈಲರಕ್ಕನ ಹತ್ತಿರ ಹೊಲಿಸಿದ ಬಟ್ಟೆ ಮೈಗೆ ಚುಚ್ಚುವುದಿಲ್ಲ ಎಂಬ ಮಾತು ಆ ಬೀದಿಯಲ್ಲಿ ಹಳೆಯದು. ಲಾಂಡ್ರಿಗೂ ಚಪ್ಪಲಿ ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡಂತಿದ್ದ ಸಣ್ಣ ಕೋಣೆಯಲ್ಲಿ ಅವಳು ಮೂವತ್ತೊಂದು ವರ್ಷದಿಂದ ಹೊಲಿಯುತ್ತಿದ್ದಳು. ಯಾವ ಬಟ್ಟೆ ಮುಗಿದರೂ ಅದನ್ನು ತಿರುವಿ, ಒಳಮೈಯನ್ನು ತನ್ನ ಕೆನ್ನೆಗೆ ಉಜ್ಜಿ ನೋಡಿದ ಮೇಲೆಯೇ ಗಿರಾಕಿಯ ಕೈಗೆ. "ಹೊರಮೈ ನೋಡೋರಿಗೆ, ಒಳಮೈ ಹಾಕ್ಕೊಳ್ಳೋರಿಗೆ" ಎನ್ನುವುದು ಅವಳಮ್ಮ ಕಲಿಸಿದ ಪಾಠ.

ಅಂಗಡಿಯ ಮೇಲಿನ ಮನೆಯಲ್ಲಿ ಒಬ್ಬ ನರ್ಸ್ ಬಾಡಿಗೆಗಿದ್ದಳು. ಮೂವತ್ತರ ಆಸುಪಾಸು, ಒಂಟಿ ಜೀವ, ಮಾತು ಕಡಿಮೆ. ಒಂದು ಮಧ್ಯಾಹ್ನ ಕೆಳಗಿಳಿದು ಬಂದು, "ಅಕ್ಕ, ಒಂದು ಕಾಟನ್ ಚೀಲ ಹೊಲಿದು ಕೊಡ್ತೀರಾ? ನನಗೆ ಬೇರೆ ಊರಿನ ಆಸ್ಪತ್ರೆಗೆ ವರ್ಗ ಆಗಿದೆ," ಅಂದಳು.

"ಅದಕ್ಕೇನಂತೆ. ಏನು ಇಡೋಕೆ?"

"ಹಾವು."

ಪೆಡಲಿನ ಮೇಲೆ ಟೈಲರಕ್ಕನ ಕಾಲು ನಿಂತೇಹೋಯಿತು. ನಾಲ್ಕು ವರ್ಷದಿಂದ ತನ್ನ ತಲೆಯ ಮೇಲೆ ಹಾವೊಂದು ಸಂಸಾರ ಹೂಡಿದೆ ಎಂದು ತಿಳಿದದ್ದು ಆಗಲೇ. ವಿಷವಿಲ್ಲ, ಸಾಕುವುದಕ್ಕೆಂದೇ ಮರಿ ಮಾಡಿಸುವ ಜಾತಿ, ಎರಡು ಮೊಳ ಉದ್ದ, ಕಿತ್ತಳೆ ಬಣ್ಣ, ಹೆಸರು ರಿಬ್ಬನ್ ಎಂದು ನರ್ಸ್ ವಿವರಿಸುತ್ತಿದ್ದರೆ ಇವಳಿಗೆ ಮೈಮೇಲೆ ಇರುವೆ ಬಿಟ್ಟ ಹಾಗಾಗುತ್ತಿತ್ತು. ಆದರೂ ಕೆಲಸ ಕೇಳಿ ಬಂದವರನ್ನು ಬರಿಗೈಲಿ ಕಳಿಸಿ ರೂಢಿಯಿಲ್ಲ.

"ಅಳತೆ ಮಾತ್ರ ನೀನೇ ತಗೊಂಡು ಬಾರಮ್ಮ. ಬಾಯಿಗೆ ಲಾಡಿ ಹಾಕಲಾ?"

"ಲಾಡಿ ಬೇಡ ಅಕ್ಕ. ಎಳ್ಳಷ್ಟು ಸಂದಿ ಸಿಕ್ಕರೂ ಮೂತಿ ತೂರಿಸುತ್ತೆ. ಬಾಯಿ ತಿರುಚಿ, ಮಡಚಿ, ಗಂಟು ಹಾಕಬೇಕು. ಅದಕ್ಕೆ ಚೀಲ ಉದ್ದ ಇರಲಿ. ಒಳಗೆ ಒಂದು ನೂಲೂ ಜೋತಾಡಬಾರದು. ಸುತ್ತಿಕೊಂಡರೆ ಗಾಯ ಆಗುತ್ತೆ."

ಕೊನೆಯ ಮಾತು ಟೈಲರಕ್ಕನಿಗೆ ನಾಟಿತು. ಇದು ಎಳೆಮಕ್ಕಳ ಬಟ್ಟೆಯ ಕೆಲಸವೇ ಸರಿ. ಅಂಚುಗಳನ್ನೆಲ್ಲ ಹೊರಕ್ಕೆ ಮಡಿಸಿ ಎರಡೆರಡು ಸಲ ಹೊಲಿದಳು. ತಳದ ಎರಡು ಮೂಲೆಗಳನ್ನು ಅಡ್ಡವಾಗಿ ಹೊಲಿದು ಮುಚ್ಚಿದಳು. ಆ ಮೂಲೆ ಹಿಡಿದು ಎತ್ತಿದರೆ ಬೆರಳು ಹೊಲಿಗೆಯ ಒಂದು ಕಡೆ, ಹಾವು ಇನ್ನೊಂದು ಕಡೆ. ಕೊನೆಗೆ ಎಂದಿನಂತೆ ತಿರುವಿ ಕೆನ್ನೆಗೆ ಉಜ್ಜಿ ನೋಡಿದಳು.

ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವ ಅವಳ ಗಂಡ ಊಟದ ಹೊತ್ತಿಗೆ ಈ ಸುದ್ದಿ ಕೇಳಿ ತುತ್ತು ಕೆಳಗಿಟ್ಟ. "ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತಾರೆ. ಇಲ್ಲಿ ನೋಡಿದ್ರೆ ಹಾವಿಗೆ ಅಂಗಿ ಹೊಲಿಯೋಳು ನನ್ನ ಹೆಂಡ್ತಿ."

"ಅಂಗಿಯಲ್ಲ, ಚೀಲ. ತೋಳಿಡೋಕೆ ಅದಕ್ಕೆ ಕೈಯೆಲ್ಲಿದೆ?" ಅಂದಳು ಟೈಲರಕ್ಕ.

ಮನೆ ಖಾಲಿ ಮಾಡುವ ದಿನ ಬೆಳಿಗ್ಗೆ ವ್ಯಾನು ಬಂತು. ಮಂಚ, ಬೀರು, ಹಾವಿನ ವಾಸದ ಗಾಜಿನ ಪೆಟ್ಟಿಗೆ ಎಲ್ಲ ಹಿಂದೆ ಏರಿದವು. ಕಡೆಗೆ ನರ್ಸ್ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಇಳಿದಳು. ಡಬ್ಬಿಯಲ್ಲಿ ಚೀಲ, ಚೀಲದಲ್ಲಿ ರಿಬ್ಬನ್. ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ 'ಜೀವಂತ ಹಾವು, ವಿಷವಿಲ್ಲ' ಎಂದು ಬರೆದು, ಕೆಳಗೆ ಅವಳ ಫೋನ್ ನಂಬರು. ಡ್ರೈವರು ಅದನ್ನು ಓದಿ ಎರಡು ಹೆಜ್ಜೆ ಹಿಂದೆ ಸರಿದ.

"ಇದು ಮುಂದೆ ಬರೋದಾದ್ರೆ ನಾನು ಬರಲ್ಲ. ಸಾಮಾನಿನ ಜೊತೆ ಹಿಂದೆ ಹಾಕಿ."

"ಹಿಂದೆ ಗಾಳಿಯಿಲ್ಲ ಅಣ್ಣ, ಬಿಸಿಲಿಗೆ ಬೆಂದುಹೋಗುತ್ತೆ. ಮಂಚ ಜಾರಿದರೆ ಅಪ್ಪಚ್ಚಿ," ಅಂದಳು ನರ್ಸ್.

"ನಂದೂ ಜೀವ ತಾನೇ? ದಾರಿಯಲ್ಲಿ ಚೀಲದ ಹೊಲಿಗೆ ಬಿಟ್ಟರೆ?"

ಬೀಳ್ಕೊಡಲು ಬಾಗಿಲಲ್ಲಿ ನಿಂತಿದ್ದ ಟೈಲರಕ್ಕನಿಗೆ ಈ ಮಾತು ಸೂಜಿ ಚುಚ್ಚಿದಂತಾಯಿತು. "ಏನಂದ್ರಿ? ಮೂವತ್ತೊಂದು ವರ್ಷದಲ್ಲಿ ನನ್ನ ಹೊಲಿಗೆ ಬಿಟ್ಟದ್ದನ್ನ ಕಂಡವರಿದ್ದರೆ ಕರ್ಕೊಂಡು ಬನ್ನಿ. ನಡೀರಿ, ನಿಮ್ಮ ಮಧ್ಯೆ ನಾನು ಕೂತ್ಕೋತೀನಿ. ಬಿಟ್ಟರೆ ಮೊದಲು ನನ್ನ ಮೇಲೆ ಬರಲಿ."

ಹೇಳಿದ ಮೇಲೆಯೇ ತಾನು ಹೇಳಿದ್ದೇನೆಂದು ಅವಳಿಗೆ ಅರಿವಾದದ್ದು. ಆಡಿದ ಮಾತು ನುಂಗುವಂತಿಲ್ಲ. ಅಂಗಡಿಯ ಷಟರ್ ಎಳೆದು, ಗಂಡನಿಗೆ ಫೋನಿನಲ್ಲಿ "ಸಂಜೆ ಬಸ್ಸಿಗೆ ಬರ್ತೀನಿ" ಎಂದಷ್ಟೇ ಹೇಳಿ ವ್ಯಾನು ಹತ್ತಿದಳು.

ಮೊದಲ ಒಂದು ಗಂಟೆ ಡ್ರೈವರು ಬಾಗಿಲಿಗೆ ಅಂಟಿಕೊಂಡು ಓಡಿಸುತ್ತಿದ್ದ. ಕಿಟಕಿಯ ಬಿಸಿಲು ಡಬ್ಬಿಯ ಮೇಲೆ ಬೀಳತೊಡಗಿದಾಗ ಟೈಲರಕ್ಕ ತನ್ನ ದುಪ್ಪಟ್ಟಾ ತೆಗೆದು ಕಿಟಕಿಗೆ ಸಿಕ್ಕಿಸಿದಳು. ಪೆಟ್ರೋಲ್ ಬಂಕಿನ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಡ್ರೈವರು, "ಡಬ್ಬಿ ಇಲ್ಲೇ ಇರಲಿ, ಗಾಜು ಏರಿಸಿ ಬೀಗ ಹಾಕ್ತೀನಿ," ಅಂದ.

"ಹತ್ತು ನಿಮಿಷ ಸಾಕು ಅಣ್ಣ, ಮುಚ್ಚಿದ ಗಾಡಿ ಒಲೆಯಾಗೋಕೆ," ಎಂದು ನರ್ಸ್ ಡಬ್ಬಿ ಹಿಡಿದೇ ಇಳಿದಳು. ಅವಳು ಕೈ ತೊಳೆದು ಬರುವ ತನಕ ಡಬ್ಬಿ ಟೈಲರಕ್ಕನ ತೊಡೆಯ ಮೇಲಿತ್ತು. ಗೋಡೆಯ ನೆರಳಲ್ಲಿ ಬೆಂಚಿನ ಮೇಲೆ ಕೂತವಳಿಗೆ ಒಳಗೆ ಏನೋ ಮೆಲ್ಲನೆ ಮಗ್ಗುಲು ಬದಲಿಸಿದ್ದು ಗೊತ್ತಾಯಿತು. ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. 'ಅಯ್ಯೋ ಪಾಪ, ಕೂತೂ ಕೂತೂ ಬೇಜಾರಾಗಿದೆ' ಅನ್ನಿಸಿತು.

ಡ್ರೈವರು ಲೋಟ ಹಿಡಿದು ನಾಲ್ಕು ಮಾರು ದೂರದಿಂದಲೇ ಕೇಳಿದ, "ಅದಕ್ಕೆ ಹಸಿವಾಗಲ್ವಾ?"

"ಐದು ದಿನದಿಂದ ಏನೂ ಕೊಟ್ಟಿಲ್ಲ," ಅಂದಳು ವಾಪಸು ಬಂದ ನರ್ಸ್. "ಹೊಟ್ಟೆ ತುಂಬಿರುವಾಗ ಗಾಡಿ ಕುಲುಕಿದರೆ ಕಕ್ಕಿಬಿಡುತ್ತೆ. ಖಾಲಿ ಇದ್ದರೇ ಕ್ಷೇಮ."

ಡ್ರೈವರನ ಮುಖ ಅರಳಿತು. "ನನ್ನ ಮಗಳೂ ಥೇಟ್ ಹಾಗೇ. ತಿಂದು ಗಾಡಿ ಹತ್ತಿದಳು ಅಂದ್ರೆ ಸೀಟು ತೊಳೆಯೋದು ನಾನು."

ಅಲ್ಲಿಂದ ಮುಂದೆ ಅವನ ವರಸೆಯೇ ಬೇರೆಯಾಯಿತು. ರಸ್ತೆಯುಬ್ಬು ಕಂಡರೆ ಸಾಕು, "ಹಂಪ್ ಬಂತು, ಡಬ್ಬಿ ಹಿಡ್ಕೊಳ್ಳಿ" ಎಂದು ಕೂಗಿ ಬಸುರಿಯನ್ನು ಕರೆದೊಯ್ಯುವವನಂತೆ ವ್ಯಾನು ದಾಟಿಸುತ್ತಿದ್ದ.

ಹೊಸ ಮನೆ ತಲುಪಿದಾಗ ಮಂಚವನ್ನು ಯಾರೂ ಮುಟ್ಟಲಿಲ್ಲ. ಮೊದಲು ಇಳಿದದ್ದು ಗಾಜಿನ ಪೆಟ್ಟಿಗೆ. ನರ್ಸ್ ಬೆಚ್ಚನೆಯ ದೀಪ ಹಚ್ಚಿ, ನೀರಿನ ಬಟ್ಟಲಿಟ್ಟು, ಪೆಟ್ಟಿಗೆ ಹದಕ್ಕೆ ಬಂದ ಮೇಲೆ ಚೀಲವನ್ನು ಒಳಗಿಟ್ಟು ಗಂಟು ಬಿಚ್ಚಿದಳು. ಕಿತ್ತಳೆ ತಲೆಯೊಂದು ಹೊರಬಂತು. ನಾಲಿಗೆ ಚಾಚಿ ಹೊಸ ಮನೆಯ ಗಾಳಿಯನ್ನು ಎರಡು ಸಲ ರುಚಿ ನೋಡಿತು. ಆಮೇಲೆ ಉಳಿದ ಮೈಯೆಲ್ಲ, ಉರುಳೆಯಿಂದ ಬಿಚ್ಚಿದ ರಿಬ್ಬನ್ನಿನ ಹಾಗೆ, ನಿಧಾನಕ್ಕೆ ಜಾರಿತು. ಬಾಗಿಲಲ್ಲಿ ನಿಂತಿದ್ದ ಡ್ರೈವರು ತನಗರಿವಿಲ್ಲದೆಯೇ ಪೆಟ್ಟಿಗೆಯ ಪಕ್ಕಕ್ಕೆ ಬಂದಿದ್ದ.

"ಮುಟ್ಟಿ ನೋಡಿ ಅಕ್ಕ," ಅಂದಳು ನರ್ಸ್.

ಟೈಲರಕ್ಕ ಒಂದು ಬೆರಳು ಮುಂದೆ ಮಾಡಿದಳು. ಅಂಟಂಟಾಗಿರುತ್ತದೆ ಎಂದುಕೊಂಡಿದ್ದಳು. ಇಲ್ಲ. ಒಣಗಿತ್ತು, ನುಣುಪಾಗಿತ್ತು, ಆಗಷ್ಟೇ ಇಸ್ತ್ರಿ ಮಾಡಿ ಆರಿದ ರೇಷ್ಮೆಯಂತಿತ್ತು. ಎಷ್ಟು ಬಟ್ಟೆ ಮುಟ್ಟಿದ ಬೆರಳದು. ಇಂಥ ನೇಯ್ಗೆ ಅದಕ್ಕೆ ಹೊಸದು. ಅವಳು ನಗತೊಡಗಿದಳು, ಯಾಕೆಂದು ತಿಳಿಯದೆ ನರ್ಸೂ ನಕ್ಕಳು, ಡ್ರೈವರೂ ನಕ್ಕ.

ಎರಡೇ ತಿಂಗಳಲ್ಲಿ ನರ್ಸಿನಿಂದ ಶುರುವಾಗಿ, ಇಂಥ ಪ್ರಾಣಿ ಸಾಕುವವರ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು. ಮನೆ ಬದಲಿಸುವವರು, ಪ್ರಾಣಿವೈದ್ಯರ ಬಳಿ ಹೋಗುವವರು ಅಂಗಡಿ ಹುಡುಕಿಕೊಂಡು ಬಂದರು. ಒಬ್ಬರಿಗೆ ಓತಿಕೇತದ ಡಬ್ಬಿಗೆ ಮೆತ್ತೆ, ಇನ್ನೊಬ್ಬರಿಗೆ ದಾರಿಯಲ್ಲಿ ಪ್ರಾಣಿಯನ್ನು ಬೆಚ್ಚಗಿಡುವ ಬಿಸಿನೀರಿನ ಬಾಟಲಿಗೆ ದಪ್ಪ ಗವಸು, ಅದು ನೇರ ತಾಗಿ ಮೈ ಸುಡದ ಹಾಗೆ. ಗಂಡ ದಿನಕ್ಕೊಂದು ಸಲ ಗೊಣಗುತ್ತಿದ್ದ. ಬೇಕರಿಗೆ ಬಂದವರಿಗೆಲ್ಲ ಹೆಂಡತಿಯ ಕಥೆ ಹೇಳುತ್ತಿದ್ದವನೂ ಅವನೇ. ಅವನ ಬಾಯಲ್ಲಿ ರಿಬ್ಬನ್ ವಾರಕ್ಕೊಂದು ಮೊಳ ಬೆಳೆಯುತ್ತಿತ್ತು.

ಒಂದು ಬೆಳಿಗ್ಗೆ ಆ ಡ್ರೈವರೇ ಫೋನು ಮಾಡಿದ. "ಅಕ್ಕ, ಒಬ್ಬರು ಅಜ್ಜ ಮನೆ ಬದಲಿಸ್ತಿದ್ದಾರೆ, ಜೊತೆಗೆ ಆಮೆಯಂತೆ. ಅಜ್ಜನಿಗಿಂತ ಅದಕ್ಕೇ ವಯಸ್ಸು ಜಾಸ್ತಿಯಂತೆ. ಬೇರೆ ವ್ಯಾನಿನವರು ಡಿಕ್ಕಿಯಲ್ಲಿ ಹಾಕ್ತೀವಿ ಅಂದ್ರಂತೆ, ಅಜ್ಜ ಒಪ್ಪಿಲ್ಲ. ನಾನು ಮುಂದೆನೇ ಕೂರಿಸಿಕೊಂಡು ಹೋಗ್ತೀನಿ ಅಂದೆ. ನೀವು ಬರ್ತೀರಾ?"

"ಪೆಟ್ಟಿಗೆ ಎಷ್ಟು ದೊಡ್ಡದು? ಒಳಗೆ ಉರುಳಾಡಬಾರದು, ನೋಡಿ."

"ಅದೆಲ್ಲ ನನಗೆ ಗೊತ್ತಾಗಲ್ಲ."

"ಬನ್ನಿ ಹಾಗಾದ್ರೆ," ಎಂದು ಟೈಲರಕ್ಕ ಟೇಪನ್ನು ಕೊರಳಿಗೆ ಹಾಕಿಕೊಂಡು, ಎರಡು ಹಳೆಯ ಟವೆಲ್ಲನ್ನು ಕಂಕುಳಲ್ಲಿ ಸಿಕ್ಕಿಸಿ, ವ್ಯಾನು ಬರುವ ಮೊದಲೇ ಬೀದಿಯ ತುದಿಗೆ ಹೋಗಿ ನಿಂತಳು.