ರಂಗೂನಿನಿಂದ ಬಂದ ದಿಮ್ಮಿಗಳು

ನಮ್ಮ ಮುಂಬಾಗಿಲಿಗೆ ಗೆದ್ದಲು ಹಿಡಿದು, ಹೋದ ವಾರದಿಂದ ಬಡಗಿಯೊಬ್ಬ ಅಂಗಳದಲ್ಲಿ ಹೊಸ ಚೌಕಟ್ಟು ಮಾಡುತ್ತಿದ್ದಾನೆ. ಅವನು ಕೀಸುಳಿ ಎಳೆದಾಗ ಏಳುವ ವಾಸನೆ ನನಗೆ ಗುರುತು ಸಿಗಲಿಲ್ಲ. ತೇಗವಲ್ಲ, ಬೀಟೆಯಲ್ಲ. ಮರದ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಎದುರಾದರೆ ಸಿಟ್ಟು ಬರುತ್ತದೆ. "ಯಾವ ಮರ ಲಾ ಇದು?" ಎಂದು ಗದರಿಸಿಯೇ ಕೇಳಿದೆ.

"ಮಲೇಷಿಯಾದ್ದು ತಾತಾ. ಕಪ್ಪಲ್‌ನಲ್ಲಿ ಬರ್ತೈತೆ," ಎಂದ.

ಹಡಗಿನಲ್ಲಿ ಬಂದ ಮರ ಎಂದರೆ ನನಗೆ ಮುದ್ದ ನೆನಪಾಗುತ್ತಾನೆ. ಮೂವತ್ತರ ದಶಕದಲ್ಲಿ ಓಮಲೂರಿನ ಒಂದು ಮರದ ಡಿಪೋದಲ್ಲಿ ನಾವಿಬ್ಬರೂ ಗರಗಸದ ಜೋಡಿ. ನೀವು ಆ ಕೆಲಸ ನೋಡಿರಲಿಕ್ಕಿಲ್ಲ. ಆಳುದ್ದದ ಗುಂಡಿ, ಅದರ ಮೇಲೆ ಅಡ್ಡ ಮಲಗಿಸಿದ ದಿಮ್ಮಿ. ಒಬ್ಬ ದಿಮ್ಮಿಯ ಮೇಲೆ ನಿಂತು ಗೆರೆ ನೋಡಿಕೊಂಡು ಗರಗಸ ಎಳೆಯಬೇಕು, ಇನ್ನೊಬ್ಬ ಗುಂಡಿಯೊಳಗೆ ನಿಂತು ಎಳೆಯಬೇಕು. ಮೇಲಿನವನು ಮುದ್ದ. ಕೆಳಗೆ ನಿಂತು ಮರದ ಹೊಟ್ಟು ತಿಂದವನು ನಾನು. ಸಂಜೆ ನಾನು ತಲೆ ಕೊಡವಿದರೆ ಒಂದು ಒಲೆ ಉರಿಸುವಷ್ಟು ಹೊಟ್ಟು ಬೀಳುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಕುಯ್ದ ಮರದ ತಲೆಗೆ ಪ್ರತಿ ಜೋಡಿಯೂ ಬಾಚಿಯಲ್ಲಿ ಗುರುತು ಹಾಕುತ್ತಿತ್ತು. ಮೇಲೆ ಮೇಲಿನವನ ಗುರುತು, ಅದರ ಕೆಳಗೆ ಕೆಳಗಿನವನದು. ಮುದ್ದನದು ಒಂದು ಓರೆಗೆರೆ, ನನ್ನದು ಎರಡು ಗೀಟು. ಇಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ, ಬೇಕು ಅಂತಲೂ ಅನ್ನಿಸಿರಲಿಲ್ಲ.

ಏರ್ಕಾಡಿನ ಬೆಟ್ಟದಿಂದ ಬೀಟೆ ಇಳಿಯುತ್ತಿತ್ತು. ನಾವು ಅದನ್ನು ಚೌಕ ಮಾಡಿ ಕೊಟ್ಟರೆ ರೈಲಿನಲ್ಲಿ ಮದರಾಸಿಗೆ, ಅಲ್ಲಿಂದ ಹಡಗಿನಲ್ಲಿ ಜರ್ಮನಿಗೆ. ನಮ್ಮ ಬೆಟ್ಟದ ಮರದಲ್ಲಿ ದೊರೆಗಳು ಪಿಯಾನೋ ಮಾಡಿಕೊಳ್ಳುತ್ತಾರೆ ಎಂದು ಡಿಪೋದ ಗುಮಾಸ್ತರು ಹೇಳಿದ್ದರು. ಪಿಯಾನೋ ಅಂದರೆ ಒಂದು ತರಹದ ಮಂಚ ಎಂದು ನಾನು ಬಹಳ ದಿನ ತಿಳಿದಿದ್ದೆ. ಆಮೇಲೆ ಆ ದೇಶಗಳಲ್ಲೆಲ್ಲ ವ್ಯಾಪಾರ ಬಿದ್ದುಹೋಯಿತು. ಬೀಟೆ ಕೇಳುವವರಿಲ್ಲ. ದಿಮ್ಮಿಗಳು ಡಿಪೋದಲ್ಲೇ ಬಿದ್ದು ಬಿಸಿಲಿಗೆ ಬಿರುಕು ಬಿಟ್ಟವು. ಅದೇ ಹೊತ್ತಿಗೆ ಬರ್ಮಾದ ತೇಗ ಅಗ್ಗವಾಗಿ ಬರತೊಡಗಿತು, ಅಲ್ಲೇ ಚೌಕ ಮಾಡಿಸಿಕೊಂಡು. ಗುಂಡಿಗೆ ಕೆಲಸ ಕಡಿಮೆಯಾಯಿತು.

"ಮರ ಎಲ್ಲಿಂದ ಬರ್ತೈತೋ ಅಲ್ಲಿಗೇ ಓಗಾಣ ಬಾ ಲಾ," ಎಂದ ಮುದ್ದ. ನಮ್ಮ ಡಿಪೋಗೆ ತೇಗ ಕಳಿಸುತ್ತಿದ್ದ ರಂಗೂನಿನ ಮಂಡಿಯಲ್ಲೇ ಆಳು ಬೇಕಾಗಿತ್ತಂತೆ.

"ಅವ್ವ ಆಸಿಗೆ ಇಡಿದೌಳೆ. ಎಂಗ್ ಬರ್ಲಿ?"

"ಸರಿ, ನಾ ಮುಂದೆ ಓಯ್ತೀನಿ. ಇಲ್ಲಿಗೆ ಬರೋ ದಿಮ್ಮಿ ತಲೆ ಮ್ಯಾಲೆ ನಮ್ಮಿಬ್ರ ಗುರ್ತೂ ಆಕಿ ಕಳಿಸ್ತೀನಿ. ಅದು ಕಂಡ್ರೆ ನಿನ್ ಜಾಗ ಕಾಲಿ ಐತೆ ಅಂತ ತಿಳ್ಕ. ಅವ್ವಂದು ನೋಡ್ಕೊಂಡು ಬಾ."

ಅವನು ಹೋದ ಮೇಲೆ ಓಮಲೂರು ಸ್ಟೇಷನ್ನಿನಲ್ಲಿ ಬರ್ಮಾ ತೇಗ ಇಳಿದಾಗಲೆಲ್ಲ ನಾನು ಹಾಜರು. ಒಂದೊಂದು ದಿಮ್ಮಿಯ ತಲೆಯನ್ನೂ ಸವರಿ ನೋಡುತ್ತಿದ್ದೆ. ಹಮಾಲಿಗಳು ನಗುತ್ತಿದ್ದರು. ಐದಾರು ತಿಂಗಳಿಗೆ ಮೊದಲ ಗುರುತು ಬಂತು. ಓರೆಗೆರೆ, ಕೆಳಗೆ ಎರಡು ಗೀಟು. ಆ ದಿನ ನನಗಾದ ಸಂತೋಷವನ್ನು ಹೇಳಿಕೊಳ್ಳಲು ಇಡೀ ಊರಿನಲ್ಲಿ ಒಬ್ಬನೂ ಇರಲಿಲ್ಲ. ಹೇಳಿಕೊಳ್ಳಬೇಕಾದವನು ಸಮುದ್ರದ ಆಚೆ ಇದ್ದ.

ಮರುವರ್ಷ ಅವ್ವ ತೀರಿಕೊಂಡಳು. ಹೊರಡಬೇಕಿತ್ತು. ಹೊರಡಲಿಲ್ಲ. ನಿಜ ಹೇಳುತ್ತೇನೆ, ಸಮುದ್ರದ ಭಯ. ಹೊಗೆನಕಲ್ಲಿನಲ್ಲಿ ಒಮ್ಮೆ ಹರಿಗೋಲು ಹತ್ತಿ, ನಡುಹೊಳೆಯಲ್ಲಿ ಅಂಬಿಗನ ಕಾಲು ಹಿಡಿದುಕೊಂಡು ಅತ್ತ ಗಂಡಸು ನಾನು. ಮಳೆಗಾಲ ಕಳೆಯಲಿ, ಬೇಸಿಗೆ ಕಳೆಯಲಿ ಎನ್ನುತ್ತಾ ಉಳಿದೆ. ಡಿಪೋದಲ್ಲಿ ಬೇರೆಯವರು ಜೋಡಿಗೆ ಕರೆದರೆ ಹೋಗುತ್ತಿರಲಿಲ್ಲ. ಮುದ್ದನ ಜಾಗದಲ್ಲಿ ಇನ್ನೊಬ್ಬನನ್ನು ನಿಲ್ಲಿಸಲು ಮನಸ್ಸಾಗಲಿಲ್ಲ. ದಿಮ್ಮಿ ಉರುಳಿಸಿಕೊಂಡು, ತೊಗಟೆ ಸುಲಿದುಕೊಂಡು ಒಬ್ಬನೇ ಇದ್ದೆ. ಇನ್ನೂ ಎರಡು ಸಲ ಗುರುತು ಬಂತು. ಜಾಗ ಖಾಲಿ ಇದೆಯಲ್ಲ, ಅವಸರವೇನು ಎಂದುಕೊಂಡೆ.

ನಾಲ್ಕನೆಯ ಸಲ ಬಂದ ದಿಮ್ಮಿಯಲ್ಲಿ ಓರೆಗೆರೆ ಇತ್ತು. ಕೆಳಗೆ ನನ್ನ ಗೀಟುಗಳಿರಲಿಲ್ಲ. ಯಾರದೋ ಒಂದು ಸೊನ್ನೆ ಇತ್ತು.

ಬಾಚಿ ತಂದು ಅದನ್ನು ಕೆತ್ತಿ ತೆಗೆದೆ. "ಮರ ಯಾಕಪ್ಪಾ ಹಾಳು ಮಾಡ್ತೀಯಾ?" ಎಂದು ಗುಮಾಸ್ತರು ಓಡಿ ಬಂದರು. ಆ ತಿಂಗಳೇ ಡಿಪೋ ಬಿಟ್ಟೆ. ಆಮೇಲೆ ತೊಪ್ಪೂರಿನ ಕಡೆ ಗಾಡಿ ಹೊಡೆದೆ, ಮದುವೆಯಾದೆ. ಮಗಳು ಹೊಸೂರಿನಲ್ಲಿ ಕನ್ನಡ ಶಾಲೆಗೆ ಹೋಗುವಾಗ ಅವಳ ಪಕ್ಕ ಕೂತು ನಾನೂ ಅಕ್ಷರ ಕಲಿತೆ. ಮುದ್ದ ನನಗೆ ಮೋಸ ಮಾಡಿದ ಎಂಬ ಮಾತನ್ನು ಮಾತ್ರ ಬಿಡಲಿಲ್ಲ. ಹೆಂಡತಿಗೆ ಹೇಳಿದೆ, ಮಗಳಿಗೆ ಹೇಳಿದೆ, ಮೊನ್ನೆ ಈ ಬಡಗಿಗೂ ಹೇಳಿದೆ.

ಅವನು ಕೀಸುಳಿ ನಿಲ್ಲಿಸಿ ಕೇಳಿದ. "ಅವ್ರು ಮೂರ್ ಕಿತ ಗುರ್ತು ಕಳಿಸವ್ರೆ. ನೀವೇನ್ ಕಳಿಸಿದ್ರಿ ತಾತಾ?"

"ನಾನೆಂಗ್ ಕಳಿಸ್ಲಿ? ಮರ ಅಲ್ಲಿಂದ ಇಲ್ಲಿಗೆ ಬರ್ತಿತ್ತು. ಇಲ್ಲಿಂದ ಅಲ್ಲಿಗೆ ಓಯ್ತಿರ್ಲಿಲ್ಲ."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ನಮ್ಮ ಮರ ಹೋಗುತ್ತಿದ್ದದ್ದು ಜರ್ಮನಿಗೆ, ಅದೂ ನಿಂತುಹೋಗಿತ್ತು. ರಂಗೂನಿಗೆ ಇಲ್ಲಿಂದ ಒಂದು ಚಕ್ಕೆಯೂ ಹೋಗುತ್ತಿರಲಿಲ್ಲ. ಅಷ್ಟು ದಿನ ಅಲ್ಲಿ ಮುದ್ದನಿಗೆ ನಾನು ಬದುಕಿದ್ದೇನೋ ಸತ್ತಿದ್ದೇನೋ ಗೊತ್ತಾಗಲು ಏನಿತ್ತು? ನಮ್ಮ ಗುಮಾಸ್ತರು ತಿಂಗಳು ತಿಂಗಳೂ ಅದೇ ಮಂಡಿಗೆ ಕಾಗದ ಬರೆಯುತ್ತಿದ್ದರು. ಕೊನೆಯಲ್ಲಿ ಒಂದು ಸಾಲು ಸೇರಿಸಿ ಸ್ವಾಮಿ ಎಂದು ಕೇಳಿದ್ದರೆ ಇಲ್ಲ ಎನ್ನುತ್ತಿರಲಿಲ್ಲ. ನನಗೆ ಹೊಳೆಯಲೇ ಇಲ್ಲ. ಮರದವರ ಮಾತು ಮರದಲ್ಲೇ ಹೋಗಬೇಕು ಎಂದುಕೊಂಡು ಸ್ಟೇಷನ್ನಿನಲ್ಲಿ ಕಾದು ನಿಂತೆ. ಗುಂಡಿಯ ಕೆಳಗೆ ಆಳಿಲ್ಲದೆ ಅವನೊಬ್ಬನೇ ಎಷ್ಟು ದಿನ ತಾನೇ ಗರಗಸ ಹಿಡಿದು ನಿಂತಾನು?

ಬಡಗಿ ಮತ್ತೆ ಕೀಸುಳಿ ಎಳೆಯತೊಡಗಿದ. ನಾನು ಒಳಗೆ ಬಂದು ಇದನ್ನು ಬರೆಯಲು ಕೂತೆ. ಇದು ಮೂರನೆಯ ಹಾಳೆ. ಅವತ್ತು ಬೇಕಾಗಿದ್ದದ್ದು ಒಂದೇ ಸಾಲು: ಇದ್ದೀನಿ, ಬರ್ತೀನಿ, ಕಾದಿರು.