ದುರ್ಬೀನಿಗೆ ಬಿದ್ದ ಸಂಸಾರ

ಕಲ್ಯಾಣದ ಕೆರೆಯಲ್ಲಿ ನಾವು ಹೆಣ್ಮಕ್ಕಳು ಬಟ್ಟೆ ಒಗೆಯುವ ಕಡೆಗೇ ಮುಖ ಮಾಡಿ, ಜಾಲಿ ಗಿಡದ ಮರೆಗೆ ಒಬ್ಬ ಗಂಡಸು ದುರ್ಬೀನು ಹಿಡಿದು ಕೂತಿದ್ದ. ಹುಮನಾಬಾದಿನ ಬಸ್ಸಿಗೆ ಯಾರೋ ಬಂದಾನಂತ ಊರಿಗೆಲ್ಲ ಗೊತ್ತಿತ್ತು. ಬಂದದ್ದು ಈ ಕೆಲಸಕ್ಕಂತ ಗೊತ್ತಿರಲಿಲ್ಲ. ಮೈ ಉರಿದು, ಒದ್ದೆ ಸೀರೆ ಹೆಗಲ ಮೇಲೆ ಹಾಕಿಕೊಂಡೇ ಹೋದೆ.

“ಏನ್ ನೋಡಾಕತ್ತಿಯೋ ತಮ್ಮಾ?”

“ಸಂಸಾರ ನೋಡ್ತಿದೀನಮ್ಮ,” ಅಂದ, ದುರ್ಬೀನಿನಿಂದ ಕಣ್ಣು ಕೂಡ ತೆಗೆಯದೆ.

“ಮಂದಿ ಸಂಸಾರ ಇಣಕಾಕ ನಿಮ್ಮವ್ವ ಕಲಿಸ್ಯಾಳೇನು?”

ಅವ ಗಾಬರಿಯಾಗಿ ದುರ್ಬೀನು ನನ್ನ ಕೈಗೇ ಕೊಟ್ಟ. ನಮ್ಮ ಒಗೆಯುವ ಕಲ್ಲಿನ ಹತ್ತಿರ, ಕಮಲದ ಎಲೆಗಳ ಮೇಲೆ, ಉದ್ದ ಬಾಲದ ಹಕ್ಕಿಯೊಂದು ತತ್ತಿಗೆ ಕಾವು ಕೊಡುತ್ತ ಕೂತಿತ್ತು.

“ಹಕ್ಕಿಗಳ ಬಗ್ಗೆ ಓದೋನು ನಾನು. ಅದು ಗಂಡು. ನೀವು ಬಟ್ಟೆ ಬಡಿದ ಅಲೆಗೆ ಮೊಟ್ಟೆ ನೀರಿಗೆ ಉರುಳ್ತವೆ. ಮರಿ ಆಗೋ ತನಕ ಆಚೆ ದಂಡೆಗೆ ಹೋಗ್ತೀರಾ?”

“ಗಂಡು ಕೂತದ? ತತ್ತಿ ಇಟ್ಟಾಕಿ ಎಲ್ಲಿ ಹೋಗ್ಯಾಳ?”

“ಇನ್ನೊಂದು ಗಂಡಿನ ಹತ್ರ. ಅವಳಿಗೆ ಮೂರ್ನಾಲ್ಕು ಇರ್ತವೆ.”

ಹಡೆದವಳು ಗಂಡನ ಕೊರಳಿಗೆ ತತ್ತಿ ಕಟ್ಟಿ ಮೆರೆಯಾಕ ಹೋಗ್ಯಾಳ! ನನ್ನ ಸಿಟ್ಟೆಲ್ಲ ದುರ್ಬೀನಿನವನ ಮೇಲಿಂದ ಇಳಿದು ಆ ಹೆಣ್ಣು ಹಕ್ಕಿಯ ಮೇಲೆ ಹತ್ತಿತು. ಮರುದಿನ ಎಲ್ಲರನ್ನೂ ಆಚೆ ದಂಡೆಗೆ ಎಬ್ಬಿಸಿಕೊಂಡು ಹೋದೆ. ದುರ್ಬೀನಿನವನ ಮಾತಿಗಲ್ಲ, ಬಿಸಿಲಿಗೆ ಕೂತ ಆ ಬಡಪಾಯಿ ಗಂಡನ ಮುಖ ನೋಡಿ ಹೋದದ್ದು. ಅಲ್ಲಿ ಬರೀ ಕೆಸರು, ಮುಳ್ಳು. ಹೆಂಗಸರು ನನ್ನನ್ನು ಬೈದೇ ಬೈದರು.

ಆದರೆ ಅಲ್ಲಿಂದ ಆ ಹೆಣ್ಣು ಹಕ್ಕಿಯ ಎರಡನೆಯ ಸಂಸಾರ ಬರಿಗಣ್ಣಿಗೇ ಕಾಣುತ್ತಿತ್ತು. ಆಮೇಲೆ ಯಾರೂ ಬೈಯಲಿಲ್ಲ.